ಗುಜರಿಗೆ ಕೊಡುವ ಮುನ್ನ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದಾಗ, ನಾನು ಶಾಲೆಯ ಆರಂಭದ ದಿನಗಳ ನೆನಪುಗಳನ್ನೇ ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಮುಳಿಹುಲ್ಲಿನ ಮಾಡು, ಮಳೆಗಾಲದಲ್ಲಿ ತೋಡು ದಾಟಿ ಬರುತ್ತಿದ್ದ ಮಕ್ಕಳು, ಮಧ್ಯಾಹ್ನದ ಗಂಜಿ, ಇವುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿಯೇ ಹಲವರಿದ್ದಾರೆ. ಇಲ್ಲಿ ಕಲಿತು, ಇಲ್ಲಿಯೇ ಗಣಿತ ಕಲಿಸಿ ನಿವೃತ್ತನಾದ ನನಗೆ ನೆನಪುಗಳ ಕೊರತೆಯೇನೂ ಇಲ್ಲ. ಆದರೆ ನನ್ನ ಮನಸ್ಸನ್ನು ಈಚೆಗೆ ಕಾಡುತ್ತಿರುವುದು ಕಳೆದ ಕಾಲವಲ್ಲ. ಕಟ್ಟಡದ ಪೂರ್ವದ ಮೂಲೆಯಲ್ಲಿರುವ ಗಣಕ ಕೊಠಡಿಯ 18 ಕಂಪ್ಯೂಟರುಗಳು. ಅವುಗಳನ್ನು ಗುಜರಿಗೆ ಕೊಟ್ಟು, ಮಹೋತ್ಸವದ ನಿಧಿಯ ಬಹುಪಾಲನ್ನು ಹೊಸ ಯಂತ್ರಗಳಿಗೆ ವಿನಿಯೋಗಿಸಬೇಕೆಂಬ ಸಲಹೆ ಸಮಿತಿಯ ಮುಂದಿದೆ. ಸಲಹೆ ಕೊಟ್ಟವರು ಶಾಲೆಯ ಹಿತೈಷಿಗಳು, ನನ್ನ ಶಿಷ್ಯರೂ ಹೌದು. ಅವರೊಡನೆ ನನಗಿರುವ ಭಿನ್ನಾಭಿಪ್ರಾಯವನ್ನು ಸಭೆಯಲ್ಲಿ ಹೇಳಿದ್ದೇನೆ. ಸಭೆಯಲ್ಲಿ ಹೇಳಲು ಸಾಲದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತನ್ನು ಸ್ಮರಿಸಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಾವು ಕಳೆದುಕೊಂಡುದರ ಪಟ್ಟಿಯನ್ನು ಮಾಡುವುದು ನಮ್ಮ ಭಾಷಣಗಳ ವಾಡಿಕೆ. ಆ ಪಟ್ಟಿ ಸುಳ್ಳಲ್ಲ. ಆದರೆ ಪಡೆದುದನ್ನೂ ಹೇಳುವುದು ನ್ಯಾಯ. 2001ರಲ್ಲಿ ಕೇರಳ ಸರಕಾರವು 'ಐಟಿ ಅಟ್ ಸ್ಕೂಲ್' ಯೋಜನೆಯನ್ನು ಆರಂಭಿಸಿತು. ಅದೇ ವರ್ಷ ತಿರುವನಂತಪುರದಲ್ಲಿ ಮುಕ್ತ ತಂತ್ರಾಂಶ ಚಳವಳಿಯ ಭಾರತೀಯ ಶಾಖೆಯೂ ಉದ್ಘಾಟನೆಗೊಂಡಿತು. ಮುಂದಿನ ಕೆಲವೇ ವರ್ಷಗಳಲ್ಲಿ ಈ ರಾಜ್ಯದ ಶಾಲೆಗಳ ಗಣಕಗಳೆಲ್ಲ ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಗೆ ಬದಲಾದವು. ಆ ಯೋಜನೆ 2017ರಲ್ಲಿ 'ಕೈಟ್' ಎಂಬ ಹೆಸರಿನ ಸರಕಾರಿ ಕಂಪೆನಿಯಾಯಿತು. ಹೀಗಾಗಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳು, ಗಡಿಯಾಚೆಯ ತಮ್ಮ ಓರಗೆಯವರಲ್ಲಿ ಅನೇಕರು ಹೆಸರನ್ನೂ ಕೇಳದಿದ್ದ ಕಾಲದಲ್ಲಿಯೇ ಲಿನಕ್ಸಿನಲ್ಲಿ ಪರೀಕ್ಷೆ ಬರೆದರು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಒಂದು ಕ್ರಮವಿಧಿ ಹದಿನೈದಿಪ್ಪತ್ತು ವರ್ಷಗಳೊಳಗೆ ನಮ್ಮ ಕುಗ್ರಾಮದ ಬೆಂಚಿನ ಮೇಲೆ ಬಂದು ಕುಳಿತದ್ದು ಸಾಮಾನ್ಯ ಸಂಗತಿಯಲ್ಲ.

ಬಂದು ಕುಳಿತದ್ದು ನಿಜ. ಅದರ ಒಳಗನ್ನು ನಾವು ನೋಡಿದೆವೇ? ಇಲ್ಲವೆಂದೇ ನನ್ನ ದೂರು. ಆ ದೂರಿನಲ್ಲಿ ನಾನೂ ಪಾಲುದಾರ.

ಎರಡು ವರ್ಷಗಳ ಹಿಂದಿನ ಮಾತು. ಕಂಪ್ಯೂಟರುಗಳು ಬಹಳ ನಿಧಾನವಾಗಿವೆ, ಒಂದು ಪುಟ ತೆರೆಯಲು ಐದು ನಿಮಿಷ ಬೇಕೆಂದು ಮಕ್ಕಳೂ ಅಧ್ಯಾಪಕರೂ ದೂರುತ್ತಿದ್ದರು. ಪೇಟೆಯಿಂದ ದುರಸ್ತಿಯ ತರುಣನೊಬ್ಬನನ್ನು ಕರೆಸಲಾಯಿತು. ಆತ ಎರಡು ಯಂತ್ರಗಳನ್ನು ಚಾಲೂ ಮಾಡಿ, ತಲೆಯಾಡಿಸಿ, "ಇದು ಹಳತಾಯಿತು ಮಾಷ್ಟ್ರೇ, ಇದರಲ್ಲಿ ಇನ್ನು ಏನೂ ಆಗುವುದಿಲ್ಲ" ಎಂದನು. ಹತ್ತು ನಿಮಿಷವೂ ಹಿಡಿಯಲಿಲ್ಲ. ಹೊಸ ಯಂತ್ರಗಳ ದರಪಟ್ಟಿ ಮಾತ್ರ ಮರುದಿನವೇ ಬಂತು. ಆ ತರುಣನನ್ನು ನಾನು ಜರೆಯುವುದಿಲ್ಲ. ಅವನ ವೃತ್ತಿಯಲ್ಲಿ ಒಂದು ಯಂತ್ರದ ಮುಂದೆ ಅರ್ಧ ದಿನ ಕುಳಿತರೆ ಹೊಟ್ಟೆ ಹೊರೆಯುವುದು ಹೇಗೆ? ಆದರೆ ನಿವೃತ್ತನಾದ ನನಗೆ ಅರ್ಧ ದಿನವೇನು, ಅರ್ಧ ತಿಂಗಳೇ ಇತ್ತು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಂದು ಶನಿವಾರ ಒಂಬತ್ತನೆಯ ತರಗತಿಯ ನಾಲ್ಕು ಮಕ್ಕಳನ್ನು ಜೊತೆಗೂಡಿಸಿಕೊಂಡು ಆ ಕೊಠಡಿಯಲ್ಲಿ ಕುಳಿತೆ.

ಲಿನಕ್ಸಿನಲ್ಲಿ 'ಟಾಪ್' ಎಂಬ ಒಂದು ಆದೇಶವಿದೆ. ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ ಅದನ್ನು ಟೈಪು ಮಾಡಿದರೆ, ಯಂತ್ರದಲ್ಲಿ ಆ ಕ್ಷಣ ಯಾವ ಯಾವ ಕೆಲಸಗಳು ನಡೆಯುತ್ತಿವೆ, ಯಾರು ಎಷ್ಟು ಮೆಮೊರಿ ಹಿಡಿದಿದ್ದಾರೆ, ಪ್ರೊಸೆಸರಿನ ಎಷ್ಟು ಪಾಲು ಯಾರಿಗೆ ಸಲ್ಲುತ್ತಿದೆ ಎಂಬ ಲೆಕ್ಕವು ಮೂರು ಸೆಕೆಂಡಿಗೊಮ್ಮೆ ಹೊಸದಾಗುತ್ತ ಕಾಣಿಸುತ್ತದೆ. ಇದು ಲಿನಕ್ಸಿಗಿಂತಲೂ ಹಳೆಯದು. ವಿಲಿಯಂ ಲೆಫೆಬ್ವರ್ ಎಂಬವರು ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿದ್ದಾಗ 1984ರಲ್ಲಿ ಯೂನಿಕ್ಸ್ ಯಂತ್ರಗಳಿಗಾಗಿ ಅದರ ಮೊದಲ ರೂಪವನ್ನು ಬರೆದರು. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ ವರ್ಷವೂ ಅದೇ.

ಆ ದಿನ ನಾವು ಕುಳಿತ ಯಂತ್ರದಲ್ಲಿ ಟರ್ಮಿನಲ್ ತೆರೆಯುವುದಕ್ಕೇ ಒಂದು ನಿಮಿಷ ಮೀರಿತು. 'ಟಾಪ್' ಕಾಣಿಸಿಕೊಂಡಾಗ ಮೊದಲ ಸಾಲಿನಲ್ಲಿಯೇ 'ಲೋಡ್ ಆವರೇಜ್' 9.40 ಎಂದಿತ್ತು. ಅದನ್ನು ನಾವು 'ಹೊರೆ' ಎಂದು ಕರೆದೆವು. ಓಡುತ್ತಿರುವ ಮತ್ತು ಓಡಲು ಸರದಿಯಲ್ಲಿ ನಿಂತಿರುವ ಕೆಲಸಗಳ ಸಂಖ್ಯೆಯ ಸರಾಸರಿ ಅದು. ಒಂದು, ಐದು, ಹದಿನೈದು ನಿಮಿಷಗಳ ಅವಧಿಗೆ ಮೂರು ಅಂಕಿಗಳು. (ಗಣಿತದ ಅಧ್ಯಾಪಕನಾಗಿ ಒಂದು ಮಾತು ಸೇರಿಸದಿದ್ದರೆ ಸಮಾಧಾನವಿಲ್ಲ. ಇದು ನಾವು ಶಾಲೆಯಲ್ಲಿ ಕಲಿಸುವ ಸರಳ ಸರಾಸರಿಯಲ್ಲ. ಐದು ಸೆಕೆಂಡಿಗೊಮ್ಮೆ ಎಣಿಸಿ, ಹಳೆಯ ಎಣಿಕೆಯ ತೂಕವನ್ನು ಕ್ರಮೇಣ ಕುಗ್ಗಿಸುತ್ತ ಹೋಗುವ ಸರಾಸರಿ.) ಎರಡೇ ಕೋರುಗಳಿರುವ ಪ್ರೊಸೆಸರಿಗೆ ಒಂಬತ್ತೂವರೆ ಕೆಲಸಗಳ ಹೊರೆ! ದುರಸ್ತಿಯ ತರುಣನ ಮಾತೇ ಸರಿ, ಪ್ರೊಸೆಸರಿಗೆ ಶಕ್ತಿ ಸಾಲದು ಎಂದು ನನಗೂ ಅನ್ನಿಸಿತು.

ಆದರೆ ಎರಡು ಸಾಲು ಕೆಳಗೆ ನೋಡಿದ ಹುಡುಗಿಯೊಬ್ಬಳು, "ಸರ್, ಇದು ಕೆಲಸವನ್ನೇ ಮಾಡುತ್ತಿಲ್ಲವಲ್ಲ?" ಎಂದಳು. ನೋಡಿದರೆ ನಿಜ. ಪ್ರೊಸೆಸರಿನ ಕಾಲದಲ್ಲಿ ಕೆಲಸಕ್ಕೆ ಸಂದದ್ದು ನೂರಕ್ಕೆ 7. 'ಡಬ್ಲ್ಯು ಎ' ಎಂಬ ಗುರುತಿನ ಮುಂದೆ 88 ಇತ್ತು. ಅದರ ಅರ್ಥ, ಡಿಸ್ಕಿನಿಂದ ಏನೋ ಬರಬೇಕೆಂದು ಕಾಯುತ್ತ ಪ್ರೊಸೆಸರು ಸುಮ್ಮನೆ ಕುಳಿತಿದೆ ಎಂಬುದು. ಲಿನಕ್ಸಿನ ಹೊರೆಯ ಲೆಕ್ಕಕ್ಕೆ ಒಂದು ವಿಶೇಷವಿದೆ. 1993ರಿಂದ ಅದು ಪ್ರೊಸೆಸರಿನ ಸರದಿಯಲ್ಲಿರುವವರನ್ನಷ್ಟೇ ಅಲ್ಲದೆ ಡಿಸ್ಕಿಗಾಗಿ ಕಾದು ನಿಂತವರನ್ನೂ ಎಣಿಸುತ್ತದೆ. ಆದುದರಿಂದ ಹೊರೆ ಹೆಚ್ಚಿದೆಯೆಂದ ಮಾತ್ರಕ್ಕೆ ಪ್ರೊಸೆಸರು ದುರ್ಬಲವೆಂದು ತೀರ್ಮಾನಿಸಲಾಗದು. ಪಡಿತರದ ಅಂಗಡಿಯ ಮುಂದೆ ಸಾಲು ಉದ್ದವಿರುವುದು ತೂಗುವವನು ಸೋಮಾರಿಯಾದುದರಿಂದಲೇ ಆಗಬೇಕೆಂದಿಲ್ಲ, ಗೋದಾಮಿನಿಂದ ಅಕ್ಕಿ ಬಾರದೆಯೂ ಇರಬಹುದು.

ಅಕ್ಕಿ ಏಕೆ ಬರುತ್ತಿಲ್ಲ? 'ಫ್ರೀ' ಎಂಬ ಇನ್ನೊಂದು ಆದೇಶವನ್ನು ಕೊಟ್ಟೆವು. ಯಂತ್ರದ ಮೆಮೊರಿ 2 ಜಿಬಿ. ಅದರಲ್ಲಿ 'ಲಭ್ಯ' ಎಂದು ಉಳಿದದ್ದು 70 ಎಂಬಿ. ಸ್ವಾಪ್, ಅಂದರೆ ಮೆಮೊರಿ ಸಾಲದಾದಾಗ ಹಾರ್ಡ್ ಡಿಸ್ಕಿನಲ್ಲಿ ತಾತ್ಕಾಲಿಕವಾಗಿ ಇಡುವ ಜಾಗ, ಒಂದೂವರೆ ಜಿಬಿಗೂ ಮಿಕ್ಕಿ ತುಂಬಿತ್ತು. ಡಿಸ್ಕ್ ಮೆಮೊರಿಗಿಂತ ಸಾವಿರಾರು ಪಾಲು ನಿಧಾನ. ಯಂತ್ರವು ತನ್ನ ಆಯುಷ್ಯವನ್ನೆಲ್ಲ ಮೆಮೊರಿಯಿಂದ ಡಿಸ್ಕಿಗೂ ಡಿಸ್ಕಿನಿಂದ ಮೆಮೊರಿಗೂ ಸಾಮಾನು ಹೊರುವುದರಲ್ಲಿಯೇ ಕಳೆಯುತ್ತಿತ್ತು.

ಹಾಗಾದರೆ 2 ಜಿಬಿಯನ್ನು ನುಂಗಿದವರು ಯಾರು? 'ಟಾಪ್' ತೆರೆದಿರುವಾಗ ಶಿಫ್ಟ್ ಒತ್ತಿ 'ಎಮ್' ಒತ್ತಿದರೆ ಮೆಮೊರಿ ಹೆಚ್ಚು ಹಿಡಿದವರು ಮೇಲೆ ಬರುತ್ತಾರೆ. ಬಂದರು. ಎಲ್ಲವೂ ಬ್ರೌಸರ್. ಒಂದಲ್ಲ, ಹತ್ತು ಹದಿನೈದು ಸಾಲುಗಳು. ಬಳಕೆದಾರರ ಹೆಸರಿನ ಅಂಕಣವನ್ನು ನೋಡಿದಾಗ ನಿಜಾಂಶ ಬಯಲಾಯಿತು. ನಮ್ಮಲ್ಲಿ ಪ್ರತಿಯೊಂದು ತರಗತಿಗೂ ಪ್ರತ್ಯೇಕ ಖಾತೆಯಿದೆ. ಹಿಂದಿನ ದಿನ ಎಂಟನೆಯ ತರಗತಿಯವರು ಬಂದು ಬ್ರೌಸರ್ ತೆರೆದಿದ್ದರು. ಗಂಟೆ ಬಾರಿಸಿದೊಡನೆ ಲಾಗ್ ಔಟ್ ಮಾಡದೆ ಓಡಿದ್ದರು. ಅನಂತರ ಬಂದ ಒಂಬತ್ತನೆಯವರು 'ಬಳಕೆದಾರರನ್ನು ಬದಲಿಸಿ' ಎಂಬುದನ್ನು ಒತ್ತಿ ತಮ್ಮ ಖಾತೆಗೆ ಹೊಕ್ಕಿದ್ದರು. ಹತ್ತನೆಯವರೂ ಹಾಗೆಯೇ. ಸಂಜೆ ಯಂತ್ರವನ್ನು ನಂದಿಸದೆ ಪರದೆಯನ್ನಷ್ಟೇ ಆರಿಸಿ ಬೀಗ ಹಾಕಲಾಗಿತ್ತು. ಹೀಗೆ ಒಂದೇ ಯಂತ್ರದೊಳಗೆ ಮೂರು ತರಗತಿಗಳು ಕುಳಿತು, ಕಾಣದಂತೆ ಪಾಠ ಓದುತ್ತಿದ್ದವು. ನಾಲ್ಕನೆಯವರಾಗಿ ನಾವು ಬಂದಿದ್ದೆವು. ಪ್ರತಿಯೊಬ್ಬರ ಬ್ರೌಸರೂ ಐನೂರು ಆರುನೂರು ಎಂಬಿ ಹಿಡಿದಿತ್ತು.

ಹಿಂದಿನ ಮೂರೂ ಖಾತೆಗಳಿಂದ ಲಾಗ್ ಔಟ್ ಮಾಡಿದೆವು. ಹತ್ತು ನಿಮಿಷ ಕಳೆದು ನೋಡಿದರೆ ಹೊರೆಯ ಐದು ನಿಮಿಷದ ಅಂಕಿ ಒಂದಕ್ಕಿಂತ ಕೆಳಗಿಳಿದಿತ್ತು. ಯಾವ ಯಂತ್ರದಲ್ಲಿ ಇನ್ನು ಏನೂ ಆಗುವುದಿಲ್ಲವೆಂದು ಹೇಳಲಾಗಿತ್ತೋ ಅದರಲ್ಲಿ ಮಕ್ಕಳು ಆ ದಿನ ಮಧ್ಯಾಹ್ನದವರೆಗೆ ಚಿತ್ರ ಬಿಡಿಸಿದರು. ಖರ್ಚು ಶೂನ್ಯ.

ಎಲ್ಲ ಯಂತ್ರಗಳ ಕತೆಯೂ ಹೀಗೆ ಸುಖಾಂತವೆಂದು ಹೇಳಿದರೆ ಸುಳ್ಳಾದೀತು. ನಾಲ್ಕು ಶನಿವಾರಗಳಲ್ಲಿ 18ನ್ನೂ ಪರೀಕ್ಷಿಸಿದೆವು. 11 ಯಂತ್ರಗಳು ಲಾಗ್ ಔಟಿನ ಶಿಸ್ತಿನಿಂದಲೇ ಸುಧಾರಿಸಿದವು. ಮೂರರಲ್ಲಿ ಇದ್ದದ್ದೇ 1 ಜಿಬಿ ಮೆಮೊರಿ, ಅವಕ್ಕೆ ಮೆಮೊರಿ ಸೇರಿಸದೆ ಗತಿಯಿಲ್ಲ. ಒಂದರಲ್ಲಿ ಫ್ಯಾನಿನ ತುಂಬ ಮುರಕಲ್ಲಿನ ಧೂಳು, ಬಿಸಿಯೇರಿದಾಗ ಪ್ರೊಸೆಸರು ತನ್ನನ್ನು ತಾನು ರಕ್ಷಿಸಿಕೊಳ್ಳಲು ವೇಗವನ್ನು ತಗ್ಗಿಸುತ್ತಿತ್ತು. ಹಳೆಯ ಪೈಂಟ್ ಬ್ರಷ್ಷಿನಿಂದ ಗುಡಿಸಿದೆವು. ಒಂದು ನಿಜವಾಗಿಯೂ ಸತ್ತಿತ್ತು. ಉಳಿದ ಎರಡರ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ನೋಡುವುದರಿಂದ ಹಣ ಉಳಿಯುತ್ತದೆ ಎಂಬುದಷ್ಟೇ ನನ್ನ ವಾದವಲ್ಲ.

ಆ ಎರಡರಲ್ಲಿಯೂ ಹೊರೆ ಹೆಚ್ಚಿತ್ತು, ಆದರೆ ಮೆಮೊರಿ ಬೇಕಾದಷ್ಟು ಖಾಲಿ. 'ಪಿಎಸ್' ಎಂಬ ಆದೇಶದಿಂದ ಪ್ರೊಸೆಸ್‌ಗಳ ಪಟ್ಟಿಯನ್ನು ತೆಗೆದಾಗ ಕೆಲವುಗಳ ಸ್ಥಿತಿಯ ಅಂಕಣದಲ್ಲಿ 'ಡಿ' ಎಂಬ ಅಕ್ಷರವಿತ್ತು. 'ಆರ್' ಎಂದರೆ ಓಡುತ್ತಿದೆ ಅಥವಾ ಓಡಲು ಸಿದ್ಧವಾಗಿದೆ, 'ಎಸ್' ಎಂದರೆ ನಿದ್ರಿಸುತ್ತಿದೆ, 'ಝಡ್' ಎಂದರೆ ಸತ್ತರೂ ಜನಕ ಪ್ರೊಸೆಸ್ ಅದರ ಲೆಕ್ಕವನ್ನು ಇನ್ನೂ ತೆಗೆದುಕೊಂಡಿಲ್ಲ. 'ಡಿ' ಎಂದರೆ ಡಿಸ್ಕಿನಂಥ ಸಾಧನದ ಉತ್ತರಕ್ಕಾಗಿ, ಎಬ್ಬಿಸಲಾಗದ ನಿದ್ದೆಯಲ್ಲಿ ಕಾದಿದೆ ಎಂದು. ಸಾಮಾನ್ಯವಾಗಿ ಈ ಸ್ಥಿತಿ ಕಣ್ಣಿಗೆ ಬೀಳುವಷ್ಟು ಹೊತ್ತು ಇರುವುದಿಲ್ಲ. ಇಲ್ಲಿ ನಿಮಿಷಗಟ್ಟಲೆ ಇತ್ತು. ಅಂಥ ಪ್ರೊಸೆಸ್‌ಗೆ 'ಕಿಲ್' ಆದೇಶವನ್ನು ಕೊಟ್ಟರೂ ಅದು ಕೇಳಿಸಿಕೊಳ್ಳುವುದಿಲ್ಲ. ಡಿಸ್ಕಿನ ಆರೋಗ್ಯವನ್ನು ಓದುವ 'ಸ್ಮಾರ್ಟ್' ಎಂಬ ಸೌಲಭ್ಯದಿಂದ ನೋಡಿದಾಗ, ಕೆಟ್ಟುಹೋಗಿ ಬದಲಿ ಜಾಗಕ್ಕೆ ಒಯ್ಯಲ್ಪಟ್ಟ ಭಾಗಗಳೂ ಓದಲಾಗದೆ ಬಾಕಿ ಉಳಿದ ಭಾಗಗಳೂ ನೂರಾರು ಇದ್ದವು. ಡಿಸ್ಕ್ ಸಾಯುತ್ತಿತ್ತು. ಅದರಲ್ಲಿ ಹತ್ತನೆಯ ತರಗತಿಯ ಮಕ್ಕಳು ಇಡೀ ವರ್ಷ ಮಾಡಿದ ಕೆಲಸಗಳಿದ್ದವು. ಅಂದೇ ಅವನ್ನೆಲ್ಲ ಬೇರೆಡೆಗೆ ನಕಲು ಮಾಡಿದೆವು. ಒಂದು ಡಿಸ್ಕ್ ಮೂರು ವಾರಗಳಲ್ಲಿ ನಿಂತೇಹೋಯಿತು. ಇಲ್ಲಿ ಹಣ ಖರ್ಚು ಮಾಡಬೇಡಿ ಎಂದು ನಾನು ಹೇಳಿದವನಲ್ಲ, ತಡಮಾಡದೆ ಮಾಡಿ ಎಂದವನು. ಎಲ್ಲಿ ಮಾಡಬೇಕು, ಎಲ್ಲಿ ಕೂಡದು ಎಂಬುದನ್ನು ಯಂತ್ರವೇ ಹೇಳುತ್ತಿರುವಾಗ ನಾವು ದರಪಟ್ಟಿಯನ್ನು ಕೇಳುತ್ತಿದ್ದೇವೆ.

ನೋಡುವವನು ತಪ್ಪು ನೋಡುವ ಸಂಭವವೂ ಇದೆಯೆಂಬುದನ್ನು ಮರೆಮಾಚಬಾರದು. ಮೊದಲ ವಾರದಲ್ಲಿ ನಾನೇ ಎಡವಿದೆ. 4 ಜಿಬಿ ಮೆಮೊರಿಯುಳ್ಳ ಒಂದು ಯಂತ್ರದಲ್ಲಿ 'ಫ್ರೀ' ಎಂಬ ಅಂಕಣ 150 ಎಂಬಿ ತೋರಿಸಿದ್ದನ್ನು ಕಂಡು, "ಮೆಮೊರಿ ಪೂರ್ಣ ಭರ್ತಿಯಾಗಿದೆ" ಎಂದು ಶಾಲಾ ವ್ಯವಸ್ಥಾಪಕರಿಗೆ ವರದಿ ಬರೆದುಕೊಟ್ಟೆ. ಅದು ಶುದ್ಧ ತಪ್ಪು. ಅಡಿಕೆ ಬೆಳೆಯುವ ನಮ್ಮವರಿಗೆ ಇದನ್ನು ವಿವರಿಸುವುದು ಸುಲಭ. ಅಂಗಳ ಖಾಲಿ ಇರುವಾಗ ಅದರಲ್ಲಿ ಅಡಿಕೆ ಹರಡುತ್ತೇವೆ. ದೂರದಿಂದ ನೋಡಿದವನು ಅಂಗಳದಲ್ಲಿ ಜಾಗವೇ ಇಲ್ಲವೆಂದಾನು. ಆದರೆ ಮದುವೆಯ ಚಪ್ಪರಕ್ಕೆ ಬೇಕಾದಾಗ ಅಡಿಕೆಯನ್ನು ಗುಡಿಸಿ ತೆಗೆಯಲು ಎಷ್ಟು ಹೊತ್ತು? ಲಿನಕ್ಸ್ ಕೂಡ ಖಾಲಿ ಮೆಮೊರಿಯನ್ನು ವ್ಯರ್ಥವಾಗಿಡದೆ, ಡಿಸ್ಕಿನಿಂದ ಒಮ್ಮೆ ಓದಿದುದನ್ನು ಅಲ್ಲಿ ಹರಡಿಟ್ಟುಕೊಳ್ಳುತ್ತದೆ, ಬೇಕಾದಾಗ ತೆರವು ಮಾಡುತ್ತದೆ. ಈ ಗೊಂದಲ ಬಹಳ ಮಂದಿಗೆ ಆಗುತ್ತಿದ್ದುದರಿಂದ 2014ರಲ್ಲಿ ಕರ್ನೆಲ್ಲಿಗೇ 'ಲಭ್ಯ' ಎಂಬ ಪ್ರತ್ಯೇಕ ಅಂದಾಜನ್ನು ಸೇರಿಸಲಾಯಿತು. ನೋಡಬೇಕಾದದ್ದು ಅದನ್ನು. ನನ್ನ ಯಂತ್ರದಲ್ಲಿ ಅದು ಎರಡೂವರೆ ಜಿಬಿ ಇತ್ತು. ವರದಿಯನ್ನು ಹಿಂದಕ್ಕೆ ಪಡೆದೆ. ವ್ಯವಸ್ಥಾಪಕರು ನಕ್ಕರು, ಅಷ್ಟೆ.

ಇನ್ನೊಂದು ದಿನ ಹುಡುಗನೊಬ್ಬ, "ಸರ್, ಒಂದು ಪ್ರೊಸೆಸ್ ನೂರಕ್ಕೆ ನೂರ ಎಂಬತ್ತು ತೆಗೆದುಕೊಳ್ಳುತ್ತಿದೆ. ಶೇಕಡಾ ಎಂದರೆ ನೂರನ್ನು ದಾಟಬಾರದು ಎಂದು ನೀವೇ ಕಲಿಸಿದ್ದಲ್ಲವೇ?" ಎಂದು ಕೇಳಿದ. ಮೂವತ್ತು ವರ್ಷ ಶೇಕಡಾವಾರು ಕಲಿಸಿದ್ದರೂ ಇಂಥ ಸವಿಯಾದ ಪ್ರಶ್ನೆ ತರಗತಿಯಲ್ಲಿ ಬಂದದ್ದಿಲ್ಲ. 'ಟಾಪ್' ನೂರು ಎನ್ನುವುದು ಒಂದು ಕೋರಿಗೆ. ಎರಡು ಕೋರುಗಳಿದ್ದರೆ ಪೂರ್ಣ ಶಕ್ತಿ ಇನ್ನೂರು. ಯಾವುದರ ನೂರರಲ್ಲಿ ಎಂದು ಕೇಳದೆ ಶೇಕಡಾವಾರನ್ನು ನಂಬಬಾರದೆಂಬ ಪಾಠವನ್ನು ಕರಿಹಲಗೆಯ ಮೇಲೆ ನಾನು ಎಷ್ಟೇ ಬರೆದರೂ ಅವನಿಗೆ ಅಷ್ಟು ನಾಟುತ್ತಿರಲಿಲ್ಲ.

ಒಂದು ಕೋರು ಒಂದು ಕ್ಷಣದಲ್ಲಿ ಒಂದೇ ಕೆಲಸ ಮಾಡುವುದಾದರೆ ನೂರಾರು ಪ್ರೊಸೆಸ್‌ಗಳು ಒಟ್ಟಿಗೆ ನಡೆಯುವಂತೆ ಕಾಣುವುದು ಹೇಗೆ ಎಂಬ ಪ್ರಶ್ನೆಗೆ, ತಾಳಮದ್ದಳೆಯ ಭಾಗವತರನ್ನು ನೆನೆದುಕೊಳ್ಳಿ ಎಂದೆ. ಅರ್ಥಧಾರಿಗಳು ಎಷ್ಟು ಮಂದಿ ಇದ್ದರೂ ಮಾತಿನ ಸರದಿ ಒಬ್ಬೊಬ್ಬರಿಗೆ, ಅದನ್ನು ನಡೆಸುವವರು ಭಾಗವತರು. ಕರ್ನೆಲ್ಲಿನ ಕೆಲಸವೂ ಅದೇ. ವ್ಯತ್ಯಾಸವೆಂದರೆ ಇಲ್ಲಿ ಪ್ರತಿಯೊಬ್ಬರಿಗೂ ಸಿಗುವುದು ಕೆಲವು ಮಿಲಿಸೆಕೆಂಡು ಮಾತ್ರ. ನಮ್ಮ ಕೆಲವು ಹಿರಿಯ ಅರ್ಥಧಾರಿಗಳಿಗೆ ಈ ವ್ಯವಸ್ಥೆ ಒಗ್ಗಲಾರದು.

'ಕಿಲ್' ಎಂಬ ಆದೇಶ ಮಕ್ಕಳಿಗೆ ಅತಿ ಪ್ರಿಯ. ಹೆಸರೇ ಹಾಗಿದೆ. ಅದರೊಡನೆ 9 ಎಂಬ ಸಂಖ್ಯೆಯನ್ನು ಸೇರಿಸಿದರೆ ಪ್ರೊಸೆಸ್ ತಕ್ಷಣ ಮುಗಿಯುತ್ತದೆಂದು ಒಬ್ಬನಿಗೆ ತಿಳಿದದ್ದೇ ತಡ, ಇಡೀ ತರಗತಿಗೆ ಗೊತ್ತಾಯಿತು. ಸಂಖ್ಯೆಯನ್ನು ಕೊಡದೆ 'ಕಿಲ್' ಎಂದರೆ ಹೋಗುವುದು 15ನೆಯ ಸಂಜ್ಞೆ. ಅದು ಒಂದು ವಿನಂತಿ. ಪ್ರೊಸೆಸ್ ತನ್ನ ಕಡತಗಳನ್ನು ಮುಚ್ಚಿ, ಕೆಲಸವನ್ನು ಕಟ್ಟಿಟ್ಟು ಹೊರಡಲು ಅವಕಾಶವಿದೆ. 9ನೆಯದು ಪ್ರೊಸೆಸ್‌ನ ಕಿವಿಗೇ ಬೀಳುವುದಿಲ್ಲ, ಕರ್ನೆಲ್ ನೇರವಾಗಿ ಅದನ್ನು ಇಲ್ಲವಾಗಿಸುತ್ತದೆ. ತರಗತಿಯ ಖಾತೆ ಒಂದೇ ಆದುದರಿಂದ ಹಿಂದಿನ ಅವಧಿಯಲ್ಲಿ ತೆರೆದಿದ್ದ, ಉಳಿಸದ ಕತೆಯೊಂದನ್ನು ಒಬ್ಬ ಹುಡುಗ ಹೀಗೆ ಇಲ್ಲವಾಗಿಸಿದ. ಕೈಬರಹದ ಪತ್ರಿಕೆಗೆಂದು ಸಹಪಾಠಿ ಟೈಪು ಮಾಡುತ್ತಿದ್ದ ಕತೆ ಅದು. ಆಕೆ ಅತ್ತಳು. ಆತ ಎರಡು ದಿನ ಕುಳಿತು ಆಕೆ ಹೇಳಿದ್ದನ್ನು ಮತ್ತೆ ಟೈಪು ಮಾಡಿಕೊಟ್ಟ. ಆ ಬಳಿಕ ನಮ್ಮ ಕೊಠಡಿಯಲ್ಲಿ ಮೊದಲು 15, ಹತ್ತು ಸೆಕೆಂಡು ಕಾದು ಆಮೇಲೆಯೇ 9 ಎಂಬ ನಿಯಮವಾಯಿತು. ಅದನ್ನು ಮಾಡಿದವನು ನಾನಲ್ಲ, ಅವರೇ.

ಇನ್ನು ಭಾಷೆಯ ವಿಚಾರ. ಕನ್ನಡ ಶಾಲೆಯ ಸಂಚಿಕೆಯಲ್ಲಿ ಇದನ್ನು ಹೇಳದೆ ಬಿಡಲಾಗದು. ನಮ್ಮ ಮಕ್ಕಳಿಗೆ ಗಣಕದ ಪಠ್ಯಪುಸ್ತಕ ಕನ್ನಡದಲ್ಲಿಯೇ ಇದೆ, ಅದಕ್ಕಾಗಿ ಶ್ರಮಿಸಿದ ಅಧ್ಯಾಪಕರಿಗೆ ನಮಸ್ಕಾರ. ಆದರೆ ಸೇವೆಯಲ್ಲಿದ್ದಾಗ ನಾನು ಹೋದ ತರಬೇತಿ ಶಿಬಿರವೊಂದರಲ್ಲಿ ಪಾಠವೆಲ್ಲ ಮಲಯಾಳದಲ್ಲಿಯೇ ನಡೆಯಿತು. ಹಿಂದಿನ ಬೆಂಚಿನಲ್ಲಿ ಕುಳಿತ ಕನ್ನಡ ಅಧ್ಯಾಪಕರು ಪರದೆಯ ಮೇಲೆ ಎಲ್ಲಿ ಒತ್ತಬೇಕೆಂಬುದನ್ನಷ್ಟೇ ಬರೆದುಕೊಂಡು ಬಂದೆವು. ಏಕೆ ಒತ್ತಬೇಕು ಎಂಬುದು ಅಲ್ಲಿಯೇ ಉಳಿಯಿತು. ಎಲ್ಲಿ ಎಂಬುದು ಗೊತ್ತಿದ್ದು ಏಕೆ ಎಂಬುದು ಗೊತ್ತಿಲ್ಲದ ಅಧ್ಯಾಪಕನು ಯಂತ್ರ ನಿಧಾನವಾದರೆ ದುರಸ್ತಿಯವನನ್ನು ಕರೆಯದೆ ಇನ್ನೇನು ಮಾಡಿಯಾನು?

ಪದಗಳ ಬಗ್ಗೆ ನನ್ನ ನಿಲುವು ಎರಡೂ ಪಕ್ಷಗಳಿಗೆ ರುಚಿಸದು. 'ಟಾಪ್', 'ಫ್ರೀ', 'ಕಿಲ್' ಮುಂತಾದ ಆದೇಶಗಳಿಗೆ ಕನ್ನಡ ಹೆಸರಿಡುವ ಗೋಜಿಗೆ ಹೋಗಬಾರದು. ಅವು ಯಂತ್ರದ ಬೀಗದ ಕೈಗಳು, ಹಲ್ಲು ಬದಲಿಸಿದರೆ ತೆರೆಯುವುದಿಲ್ಲ. ಆದರೆ ಅವು ತೋರಿಸುವುದನ್ನು ಕನ್ನಡದಲ್ಲಿಯೇ ಯೋಚಿಸಬೇಕು. ಹೊರೆ, ಸರದಿ, ಕಾಯುವಿಕೆ, ಲಭ್ಯ ಎಂಬ ನಾಲ್ಕು ಮನೆಮಾತುಗಳು ಸಿಕ್ಕಿದ ಬಳಿಕ ನಮ್ಮ ಮಕ್ಕಳು ಇಂಗ್ಲಿಷ್ ಪರದೆಯನ್ನು ಕಂಡು ಹೆದರಲಿಲ್ಲ. ಗಣಕ ಕಲಿಯಬೇಕಾದರೆ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಬೇಕೆಂದು ವಾದಿಸುವ ರಕ್ಷಕರು ಒಂದು ಶನಿವಾರ ಬಂದು ನೋಡಲಿ ಎಂಬುದು ನನ್ನ ವಿನಂತಿ.

ಈ ರಕ್ಷಕರ ವಿಚಾರದಲ್ಲಿಯೇ ನನ್ನ ಎದುರು ಪಕ್ಷದ ಬಲವಿದೆ. ಒಂದನೆಯ ತರಗತಿಯ ಕನ್ನಡ ವಿಭಾಗಕ್ಕೆ ಈಗ ಸೇರುವ ಮಕ್ಕಳ ಸಂಖ್ಯೆಯನ್ನು ಹೇಳಲು ನಾಲಗೆ ಏಳದು. ಹೊಳೆಯುವ ಹೊಸ ಯಂತ್ರಗಳಿದ್ದರೆ ನಾಲ್ಕು ಮಕ್ಕಳಾದರೂ ಹೆಚ್ಚು ಬಂದಾರು ಎಂಬುದು ಸಮಿತಿಯ ಮಿತ್ರರ ಆಸೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಳೆಯ ಕಾರ್ಯವ್ಯವಸ್ಥೆಯ ವಿಚಾರದಲ್ಲಿಯೂ ಅವರು ಹೇಳುವುದು ಸರಿ. ನಮ್ಮ ಯಂತ್ರಗಳಿಗೆ ಆಧಾರವಾದ ಉಬುಂಟುವಿನ 2018ರ ಆವೃತ್ತಿಗೆ ಸಾಮಾನ್ಯ ಭದ್ರತಾ ಬೆಂಬಲ 2023ರಲ್ಲಿ ಮುಗಿದಿದೆ, ಹೊಸ ಆವೃತ್ತಿಗಳು ಹೆಚ್ಚು ಮೆಮೊರಿಯನ್ನು ಬೇಡುತ್ತವೆ. 18 ಯಂತ್ರಗಳನ್ನೂ ಶತಮಾನೋತ್ಸವದವರೆಗೆ ಜೋಪಾನ ಮಾಡಿ ಎನ್ನುವಷ್ಟು ಹಳಬ ನಾನಲ್ಲ. ನಾನು ಕೇಳುವುದಿಷ್ಟೆ: ಲಾಗ್ ಔಟ್ ಮಾಡದ ಅಭ್ಯಾಸವನ್ನು ಹಾಗೆಯೇ ಉಳಿಸಿಕೊಂಡು 8 ಜಿಬಿಯ ಯಂತ್ರವನ್ನು ತಂದರೆ, ಅದನ್ನು ತುಂಬಲು ಮೂರರ ಬದಲು ಹತ್ತು ತರಗತಿಗಳು ಬೇಕಾದಾವು. ಆಮೇಲೆ? ಮತ್ತೊಂದು ದರಪಟ್ಟಿಯೇ?

ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಬಂದ ಇನ್ನೊಂದು ಸಲಹೆಯನ್ನು ಮಾತ್ರ ನಾನು ಖಂಡತುಂಡವಾಗಿ ವಿರೋಧಿಸುತ್ತೇನೆ. ಹೇಗೂ ನಿಗಾ ಇಡುವುದಾದರೆ, ಪ್ರತಿ ಮಗುವಿನ ಪರದೆಯನ್ನು ಅಧ್ಯಾಪಕರ ಮೇಜಿನಿಂದ ಗುಟ್ಟಾಗಿ ನೋಡುವ ತಂತ್ರಾಂಶವನ್ನು ಹಾಕಿ ಎಂದು ಒಬ್ಬರು ಹೇಳಿದರು. ಯಂತ್ರದ ಮೇಲಿನ ನಿಗಾ ಬೇರೆ, ಮಗುವಿನ ಮೇಲಿನ ಬೇಹು ಬೇರೆ. 'ಟಾಪ್' ತೋರಿಸುವುದು ಯಾವ ಪ್ರೊಸೆಸ್ ಎಷ್ಟು ಹಿಡಿದಿದೆ ಎಂಬುದನ್ನು. ಅದರಲ್ಲಿ ಮಗು ಏನು ಬರೆಯುತ್ತಿದೆ ಎಂಬುದಿಲ್ಲ. ಅಲ್ಲದೆ ಲಿನಕ್ಸಿನಲ್ಲಿ ಸಾಮಾನ್ಯವಾಗಿ ಈ ಪಟ್ಟಿಯನ್ನು ಯಾವ ಬಳಕೆದಾರನೂ ನೋಡಬಹುದು. ಒಮ್ಮೆ ನಾನು ಪಾಠದ ನಡುವೆ ಚದುರಂಗದ ಆಟವನ್ನು ತೆರೆದಿಟ್ಟಿದ್ದನ್ನು ಅದೇ ಯಂತ್ರದ ಮುಂದೆ ಬಂದ ಹುಡುಗಿ ಪಟ್ಟಿಯಲ್ಲಿ ಕಂಡುಹಿಡಿದು ತರಗತಿಗೆಲ್ಲ ಸಾರಿದಳು. ನೋಡುವ ಹಕ್ಕು ಇಬ್ಬರಿಗೂ ಸಮಾನವಾಗಿರುವುದರಲ್ಲಿ ನನಗೆ ದೋಷ ಕಾಣಲಿಲ್ಲ, ಆ ದಿನದ ಮಟ್ಟಿಗೆ ಮುಜುಗರವಾದರೂ.

ಹೀಗೆ ಬಿಚ್ಚಿ ತೋರಿಸುವ ಗುಣ ಈ ವ್ಯವಸ್ಥೆಯ ಬುಡದಲ್ಲಿಯೇ ಇದೆ. 'ಪ್ರಾಕ್' ಎಂಬ ಒಂದು ಕಡತಕೋಶವಿದೆ. ಅದು ಡಿಸ್ಕಿನಲ್ಲಿ ಎಲ್ಲಿಯೂ ಇಲ್ಲ, ಓದುವವರು ಕೇಳಿದಾಗ ಕರ್ನೆಲ್ ಅದನ್ನು ಆ ಕ್ಷಣ ಬರೆದುಕೊಡುತ್ತದೆ. ಪ್ರತಿಯೊಂದು ಪ್ರೊಸೆಸ್‌ಗೂ ಅದರ ಸಂಖ್ಯೆಯ ಹೆಸರಿನಲ್ಲಿ ಒಂದು ಕೋಶ. 'ಟಾಪ್' ಆಗಲಿ 'ಪಿಎಸ್' ಆಗಲಿ ತಮ್ಮ ಅಂಕಿಗಳನ್ನು ತರುವುದು ಅಲ್ಲಿಂದಲೇ. ಈ ಕಲ್ಪನೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಟಾಮ್ ಕಿಲಿಯನ್ ಎಂಬವರು 1984ರಲ್ಲಿ ಯೂನಿಕ್ಸಿಗಾಗಿ ಮಂಡಿಸಿದರು. ಇತರ ಕಾರ್ಯವ್ಯವಸ್ಥೆಗಳಲ್ಲಿಯೂ ಇಂಥ ಉಪಕರಣಗಳಿವೆ, ವಿಂಡೋಸ್ ಎನ್‌ಟಿಯಲ್ಲಿ 1996ರಿಂದಲೇ ಟಾಸ್ಕ್ ಮ್ಯಾನೇಜರ್ ಇದೆ. ಆದರೆ ಎಂಟನೆಯ ತರಗತಿಯ ಮಗು ಒಂದು ಸಾದಾ ಕಡತವನ್ನು ಓದುವಂತೆ ಯಂತ್ರದ ಮೆಮೊರಿಯ ಲೆಕ್ಕವನ್ನು ಓದಿ, ಕಾಗದದ ಮೇಲೆ ಕೂಡಿಸಿ ಕಳೆದು, 'ಫ್ರೀ' ಹೇಳಿದ್ದು ಸರಿಯೇ ಎಂದು ಪರೀಕ್ಷಿಸುವ ಸೌಲಭ್ಯ ನಮ್ಮ ಕೊಠಡಿಯಲ್ಲಿ ಇಷ್ಟು ವರ್ಷಗಳಿಂದ ಬಿದ್ದಿತ್ತು, ನಾವು ಮಾತ್ರ ಬಳಸಲಿಲ್ಲ.

ಮುಂದಿನ ಸಭೆಗೆ ನಾನು ಲಿಖಿತವಾಗಿ ಒಪ್ಪಿಸಲಿರುವ ಸಲಹೆ ಚಿಕ್ಕದು. ಸತ್ತ ಒಂದರ ಬದಲಿಗೆ ಮತ್ತು ಮಹೋತ್ಸವದ ಗೌರವಕ್ಕಾಗಿ ಆರು ಹೊಸ ಯಂತ್ರಗಳನ್ನು ಕೊಳ್ಳೋಣ. ಸುಸ್ಥಿತಿಯಲ್ಲಿರುವ ಹಳೆಯವುಗಳಿಗೆ ಮೆಮೊರಿಯನ್ನೂ, ಚಕ್ರ ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿಯನ್ನೂ ಹಾಕಿಸೋಣ. ಉಳಿದ ಹಣದಲ್ಲಿ ಒಂದು ಪಾಲನ್ನು, ನಮ್ಮದೂ ಸೇರಿದಂತೆ ಸುತ್ತಲಿನ ಕನ್ನಡ ಶಾಲೆಗಳ ಅಧ್ಯಾಪಕರಿಗೆ ಕನ್ನಡದಲ್ಲಿಯೇ ಎರಡು ದಿನಗಳ ಶಿಬಿರ ನಡೆಸಲು ಮೀಸಲಿಡೋಣ. ಪಾಠ ಮಾಡಲು ಸಂಪನ್ಮೂಲ ವ್ಯಕ್ತಿಗಳನ್ನು ಹುಡುಕುವ ಅಗತ್ಯವಿಲ್ಲ, ಹತ್ತನೆಯ ತರಗತಿಯಲ್ಲಿ ನಾಲ್ಕು ಮಂದಿ ಸಿದ್ಧರಿದ್ದಾರೆ.

ಗಣಕ ಕೊಠಡಿಯ ಬಾಗಿಲ ಬಳಿ ಈಗ ಒಂದು ಪುಸ್ತಕ ತೂಗುತ್ತಿದೆ. ಪ್ರತಿ ಶನಿವಾರ ಪ್ರತಿಯೊಂದು ಯಂತ್ರದ ಹೊರೆ, ಲಭ್ಯ ಮೆಮೊರಿ, ಡಿಸ್ಕಿನಲ್ಲಿ ಉಳಿದ ಜಾಗ ಎಂಬ ಮೂರು ಅಂಕಿಗಳನ್ನು ಮಕ್ಕಳು ಅದರಲ್ಲಿ ಬರೆಯುತ್ತಾರೆ. ಕಳೆದ ಶನಿವಾರ ಏಳನೆಯ ಯಂತ್ರದ ಸಾಲಿನಲ್ಲಿ, ಅಂಕಿಗಳ ಮುಂದೆ, ದುಂಡಗಿನ ಕನ್ನಡ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: "ಎಂಟನೆಯವರು ಲಾಗ್ ಔಟ್ ಮಾಡಿರಲಿಲ್ಲ. ಕರೆಸಿ ಹೇಳಿದ್ದೇವೆ."